ಡ್ರಮ್ ಬಿಚ್ಚಿ ನೋಡಿ, ಆಮೇಲೆ ಅಂಗಡಿಗೆ ಹೋಗಿ

ನಮ್ಮ ಪ್ರೀಮಿಯರ್ ಪದ್ಮಿನಿಗೆ ನಾಲ್ಕೂ ಚಕ್ರದಲ್ಲಿ ಡ್ರಮ್ ಬ್ರೇಕ್. ಹಳೇ ಅಂಬಾಸಿಡರ್ ಇಟ್ಟುಕೊಂಡವರ ಪಾಡೂ ಇದೇ. ರಿಪೇರಿ ಅಂಥ ಬ್ರಹ್ಮವಿದ್ಯೆಯೇನಲ್ಲ. ಒಂದು ಭಾನುವಾರ, ಒಂದು ಸ್ಪ್ಯಾನರ್ ಸೆಟ್ಟು, ಪೆಡಲ್ ತುಳಿಯಲು ಮನೆಯಲ್ಲೊಬ್ಬರು ಇದ್ದರೆ ಸಾಕು. ಕೆಲಸ ಕೆಡುವುದು ಅವಸರದಿಂದ.

1. ಬ್ರೇಕ್ ಹಿಡಿಯದಿದ್ದರೆ ತಕ್ಷಣ ಲೈನರ್ ಮೇಲೆ ತಪ್ಪು ಹೊರಿಸಬೇಡಿ. ನಾನೂ ಹಾಗೇ ಬೆಂಗಳೂರಿನ ಜೆ.ಸಿ. ರಸ್ತೆಗೆ ಓಡಿ ಹೊಸ ಲೈನರ್ ತಂದೆ. ಡ್ರಮ್ ಬಿಚ್ಚಿದರೆ ಹಳೆಯದರಲ್ಲಿ ಇನ್ನೂ ಬೇಕಾದಷ್ಟು ದಪ್ಪ ಇತ್ತು. ಸೋರುತ್ತಿದ್ದದ್ದು ವೀಲ್ ಸಿಲಿಂಡರ್. ಆದರೆ ಬ್ರೇಕ್ ಆಯಿಲ್ ಕುಡಿದ ಲೈನರ್ ಮತ್ತೆ ಕೆಲಸಕ್ಕೆ ಬರುವುದಿಲ್ಲ. ತೊಳೆದು, ಉಜ್ಜಿ ಹಾಕಿದರೂ ಬಿಸಿಯಾದಾಗ ಆಯಿಲ್ ಮತ್ತೆ ಮೇಲೆ ಬರುತ್ತದೆ. ಹಾಗಾಗಿ ತಂದ ಲೈನರ್ ವ್ಯರ್ಥವಾಗಲಿಲ್ಲ. ಸಿಲಿಂಡರಿನ ರಬ್ಬರ್ ಕಿಟ್‌ಗೆ ಮಾತ್ರ ಇನ್ನೊಂದು ಸಲ ಅಲೆದೆ.

2. ಗಾಡಿ ಎತ್ತಲು ಇಟ್ಟಿಗೆ ನಂಬಬೇಡಿ. ಹೇಳದೆ ಕೇಳದೆ ಒಡೆಯುತ್ತದೆ. ಜ್ಯಾಕ್ ಸ್ಟ್ಯಾಂಡ್ ಇರಲಿ, ನೆಲದ ಮೇಲಿರುವ ಚಕ್ರಗಳಿಗೆ ಮರದ ತುಂಡು ಕೊಡಿ.

3. ಡ್ರಮ್ ಬರಲೊಲ್ಲದೆ? ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೀರಾ ನೋಡಿ. ಸವೆದ ಡ್ರಮ್ಮಿನ ಅಂಚಿನಲ್ಲಿ ಒಂದು ಏಣು ಎದ್ದಿರುತ್ತದೆ, ಅದಕ್ಕೆ ಶೂ ಸಿಕ್ಕಿಕೊಳ್ಳುತ್ತದೆ. ಅಡ್ಜಸ್ಟರ್ ಪೂರ್ತಿ ಸಡಿಲಿಸಿ, ಮರದ ತುಂಡು ಕೊಟ್ಟು ಸುತ್ತಲೂ ಮೆಲ್ಲಗೆ ತಟ್ಟಿ. ಎರಕದ ಕಬ್ಬಿಣ ಸುತ್ತಿಗೆಯ ನೇರ ಏಟು ತಡೆಯುವುದಿಲ್ಲ.

4. ಒಳಗಿನ ಧೂಳನ್ನು ಊದಬೇಡಿ, ಗಾಳಿ ಹೊಡೆಯಬೇಡಿ. ಹಳೇ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದು. ಮಾಸ್ಕ್ ಹಾಕಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ.

5. ಒಂದು ಬದಿ ಜೋಡಿಸಿ ಮುಗಿಯುವವರೆಗೆ ಇನ್ನೊಂದು ಬದಿ ಬಿಚ್ಚಬೇಡಿ. ಯಾವ ಸ್ಪ್ರಿಂಗ್ ಯಾವ ತೂತಿಗೆ, ಕೊಕ್ಕೆ ಒಳಮುಖವೋ ಹೊರಮುಖವೋ ಎಂಬ ಗೊಂದಲ ಬಂದಾಗ ಎದುರಿನ ಚಕ್ರವೇ ನಿಮ್ಮ ಗೈಡು. ಎಡ ಬಲ ಅದಲುಬದಲಾಗಿರುತ್ತದೆ, ಅಷ್ಟೆ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಸ್ಪ್ರಿಂಗ್ ಎಳೆಯುವಾಗ ಕಣ್ಣಿಗೆ ಕನ್ನಡಕ ಇರಲಿ.

6. ವೀಲ್ ಸಿಲಿಂಡರಿನ ತುದಿಯ ರಬ್ಬರ್ ಟೋಪಿಯನ್ನು ಉಗುರಿನಿಂದ ಎತ್ತಿ ನೋಡಿ. ಒಳಗೆ ಹನಿ ನಿಂತಿದ್ದರೆ ಸಿಲಿಂಡರಿನೊಳಗಿನ ರಬ್ಬರ್ ಕಪ್ ಹೋಗಿದೆ. ಸಿಲಿಂಡರ್ ಬಿಚ್ಚಿ ಒಳಗೋಡೆಗೆ ಬೆರಳಾಡಿಸಿ: ನುಣ್ಣಗಿದ್ದರೆ ಹೊಸ ಕಪ್ ಸಾಕು, ತುಕ್ಕಿನ ಗುಳಿ ತಾಗಿದರೆ ಸಿಲಿಂಡರನ್ನೇ ಬದಲಿಸಿ. ತೊಳೆಯಲು ಪೆಟ್ರೋಲ್, ಸೀಮೆಎಣ್ಣೆ ಬೇಡವೇ ಬೇಡ, ರಬ್ಬರ್ ಉಬ್ಬುತ್ತದೆ. ಕಪ್ ಕೂರಿಸುವಾಗ ಹೊಸ ಬ್ರೇಕ್ ಆಯಿಲನ್ನೇ ಸವರಿ.

7. ಲೈನರ್ ಬದಲಿಸಿದರೆ ಎಡಬಲ ಎರಡಕ್ಕೂ ಬದಲಿಸಿ. ಇಲ್ಲವಾದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.

8. ಹಳೇ ಬ್ರೇಕ್ ಆಯಿಲ್ ಉಳಿಸಿಕೊಳ್ಳುವ ಜಿಪುಣತನ ಬೇಡ. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಕುದಿಯುವುದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ಗೆ. ತೇವ ಸೇರಿದರೆ ಅದಕ್ಕಿಂತ ಬಹಳ ಮೊದಲೇ. ಚಾರ್ಮಾಡಿ ಘಾಟಿ ಇಳಿಯುವಾಗ ಆಯಿಲ್ ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಪೇಂಟ್ ಕಿತ್ತು ಬರುತ್ತದೆ.

9. ಅಡ್ಜಸ್ಟರನ್ನು ಚಕ್ರ ಕಚ್ಚುವ ತನಕ ಬಿಗಿ ಮಾಡಿ, ಆಮೇಲೆ ಚಕ್ರ ಸಲೀಸಾಗಿ ತಿರುಗುವಷ್ಟು ಸಡಿಲಿಸಿ. ಸಣ್ಣಗೆ ಸರಸರ ಸದ್ದು ಬಂದರೆ ಚಿಂತೆಯಿಲ್ಲ. ಪೆಡಲನ್ನು ಎರಡು ಸಲ ಜೋರಾಗಿ ತುಳಿದು ಶೂ ಕೂತ ಮೇಲೆ ಮತ್ತೊಮ್ಮೆ ನೋಡಿ.

10. ಬ್ರೇಕ್ ಲೈನಿನ ಗಾಳಿ ತೆಗೆಯುವುದು ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ. ನಮ್ಮದು ಬಲಗಡೆ ಸ್ಟೀರಿಂಗ್, ಮಾಸ್ಟರ್ ಸಿಲಿಂಡರೂ ಬಲಕ್ಕೇ; ಹಾಗಾಗಿ ಮೊದಲು ಹಿಂದಿನ ಎಡ, ನಂತರ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ತೆರೆದು ಮುಚ್ಚಬೇಕು. ಮುಚ್ಚುವ ಮೊದಲೇ ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ. ನಮ್ಮನೆಯಲ್ಲಿ ಈ "ಒತ್ತು", "ಬಿಡು" ಎಂಬ ಕೂಗಾಟಕ್ಕೆ ಪಕ್ಕದ ಮನೆಯವರು ಕಾಂಪೌಂಡಿಗೆ ಬಂದು ನಿಂತದ್ದುಂಟು. ನಡುವೆ ಟ್ಯಾಂಕಿಗೆ ಆಯಿಲ್ ತುಂಬುತ್ತಿರುವುದು ಮರೆಯಬೇಡಿ. ಒಮ್ಮೆ ಖಾಲಿಯಾದರೆ ಮೊದಲಿಂದ ಶುರು.

11. ಕೊನೆಯ ಪರೀಕ್ಷೆ ಗೇಟಿನ ಒಳಗೇ. ಪೆಡಲ್ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಇಂಥ ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು; ಎಲ್ಲಿ ಸೋರಿದರೂ ನಾಲ್ಕೂ ಬ್ರೇಕ್ ಒಟ್ಟಿಗೇ ಹೋಗುತ್ತವೆ. ಪೆಡಲ್ ಕೂದಲೆಳೆಯಷ್ಟು ಕೆಳಗಿಳಿದರೂ ಗಾಡಿಯನ್ನು ರಸ್ತೆಗೆ ತರಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.