ಹಿರಿಯರ ಮನೆಗೆ ಬ್ಯಾಂಕ್ ನೋಟಿಸ್: ಕೈಯಲ್ಲಿರುವ 60 ದಿನ

ಮನೆ ಕಟ್ಟಲು ಮಾಡಿದ ಸಾಲ ನಿವೃತ್ತಿಯಾದ ಮೇಲೂ ತೀರಿರುವುದಿಲ್ಲ. ಇಲ್ಲವೇ ಮಗನ ಅಂಗಡಿಗೆಂದು ಅಪ್ಪ ಮನೆಪತ್ರ ಅಡವಿಟ್ಟಿರುತ್ತಾರೆ. ಪಿಂಚಣಿಯಲ್ಲಿ ಕಂತು ಕಟ್ಟಲಾಗದ ಹಿರಿಯರು ಬ್ಯಾಂಕಿನಿಂದ ಬಂದ ಲಕೋಟೆಯನ್ನು ಒಡೆಯದೆ ಬೀರುವಿನಲ್ಲಿ ಬಟ್ಟೆಗಳ ಅಡಿಗೆ ಸೇರಿಸಿಬಿಡುತ್ತಾರೆ. ಮಕ್ಕಳಿಗೆ ಹೊರೆಯಾಗಬಾರದೆಂಬ ಸಂಕೋಚ, ಊರಲ್ಲಿ ಮಾನ ಹೋದೀತೆಂಬ ಅಂಜಿಕೆ. ಅವರನ್ನು ಗದರಬೇಡಿ. ಪಕ್ಕದಲ್ಲಿ ಕೂತು ಲಕೋಟೆಗಳನ್ನೆಲ್ಲ ಒಡೆದು, ತಾರೀಖಿನ ಪ್ರಕಾರ ಜೋಡಿಸಿ. ಅವರ ಹಕ್ಕುಗಳು ನಿಂತಿರುವುದು ಆ ತಾರೀಖುಗಳ ಮೇಲೆ.

ಬಾಕಿ 90 ದಿನ ದಾಟಿದರೆ ಖಾತೆ ಅನುತ್ಪಾದಕ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಅದಕ್ಕೆ ಮೊದಲೇ ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಕಂತು ಇಳಿಸಲು, ಅವಧಿ ಹೆಚ್ಚಿಸಲು ಕೇಳಿ. ವಯಸ್ಸಿನ ಮಿತಿ ಅಡ್ಡಬಂದರೆ ದುಡಿಯುವ ಮಗ ಅಥವಾ ಮಗಳನ್ನು ಸಹಸಾಲಗಾರರಾಗಿ ಸೇರಿಸಬಹುದೇ ಎಂದು ವಿಚಾರಿಸಬಹುದು. ಹಾಗೆ ಸೇರಿದವರು ಇಡೀ ಸಾಲಕ್ಕೆ ಹೊಣೆ ಎಂಬುದು ನೆನಪಿರಲಿ.

ಎನ್‌ಪಿಎ ಆದ ಮೇಲೆ ಬರುವುದು ಅಡವಿಟ್ಟ ಆಸ್ತಿಯನ್ನು ವಶಕ್ಕೆ ಪಡೆಯಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ನೋಟಿಸ್. ಸಹಕಾರಿ ಬ್ಯಾಂಕುಗಳಿಗೂ ಈ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಬಾಕಿ ತೀರಿಸಲು ನೋಟಿಸಿನಲ್ಲಿ 60 ದಿನದ ಗಡುವು ಇರುತ್ತದೆ. ಬಹಳ ಜನ ಈ 60 ದಿನವನ್ನು ಚಿಂತೆಯಲ್ಲೇ ಕಳೆಯುತ್ತಾರೆ. ಆದರೆ ಇಡೀ ಪ್ರಕರಣದಲ್ಲಿ ನಿಮ್ಮ ಕೈ ಮೇಲಿರುವ ಕಾಲ ಇದೊಂದೇ. ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ತರಿಸಿ, ಕಟ್ಟಿದ ಪ್ರತಿ ರಸೀದಿಯೊಂದಿಗೆ ತಾಳೆ ನೋಡಿ. ಜಮಾ ಆಗದ ಕಂತು, ದಂಡದ ಬಾಬ್ತು, ತಪ್ಪು ಬಡ್ಡಿ ಕಂಡರೆ 13(3ಎ) ಪ್ರಕಾರ ಆಕ್ಷೇಪಣೆ ಬರೆದು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ, ಸ್ವೀಕೃತಿ ಚೀಟಿ ಜೋಪಾನವಾಗಿಡಿ. ಆಕ್ಷೇಪಣೆ ಒಪ್ಪದಿದ್ದರೆ ಬ್ಯಾಂಕ್ 15 ದಿನದೊಳಗೆ ಕಾರಣ ತಿಳಿಸಲೇಬೇಕು. ಕೃಷಿ ಜಮೀನನ್ನು ಈ ಕಾಯ್ದೆಯಡಿ ವಶಕ್ಕೆ ಪಡೆಯುವಂತಿಲ್ಲ. ಬಾಕಿ, ಅಸಲು ಬಡ್ಡಿ ಸೇರಿದ ಮೊತ್ತದ ಶೇ 20ಕ್ಕಿಂತ ಕಡಿಮೆಯಿದ್ದರೂ ಕಾಯ್ದೆ ಅನ್ವಯಿಸದು.

ಅಮ್ಮ ಬರೀ ಜಾಮೀನು ಹಾಕಿದ್ದು, ಅವರಿಗೇನೂ ಆಗುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಜಾಮೀನುದಾರರ ಹೊಣೆಯೂ ಸಾಲಗಾರರಷ್ಟೇ. ಮನೆಯನ್ನು ಮೊಮ್ಮಗನಿಗೆ ದಾನಪತ್ರ ಮಾಡಿ ತಪ್ಪಿಸಿಕೊಳ್ಳುವ ಸಲಹೆ ಕೊಡುವವರೂ ಇರುತ್ತಾರೆ. ಅಡಮಾನ ಆಸ್ತಿಯ ಬೆನ್ನಿಗೇ ಇರುತ್ತದೆ. ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾರಾಟ, ಪರಭಾರೆಗೆ ನಿಷೇಧವೂ ಇದೆ.

ಕಂತು ಕಟ್ಟಲು ಸಾಧ್ಯವೇ ಇಲ್ಲವೆಂದು ಲೆಕ್ಕ ಹೇಳಿದರೆ, ಬ್ಯಾಂಕಿನ ಒಪ್ಪಿಗೆ ಪಡೆದು ನೀವೇ ಗಿರಾಕಿ ಹುಡುಕಿ ಮನೆ ಮಾರುವುದು ಹರಾಜಿಗಿಂತ ಎಷ್ಟೋ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಲೆಯೂ ಸಿಗುತ್ತದೆ, ಸಾಲ ತೀರಿ ಉಳಿದ ಹಣದಲ್ಲಿ ಸಣ್ಣ ಮನೆಯನ್ನು ಭೋಗ್ಯಕ್ಕಾದರೂ ಹಿಡಿಯಬಹುದು. ಮೀಟರ್ ಬಡ್ಡಿಗೆ ಸಾಲ ತಂದು ಬ್ಯಾಂಕಿಗೆ ಕಟ್ಟಬೇಡಿ. ಒಂದೇ ಬಾರಿಗೆ ಸಾಲ ಚುಕ್ತಾ ಮಾಡುವ ಒಟಿಎಸ್‌ಗೆ ಬ್ಯಾಂಕ್ ಒಪ್ಪಿದರೆ ಮೊತ್ತ, ಗಡುವು ಎಲ್ಲವೂ ಪತ್ರದಲ್ಲಿರಲಿ. ಮಾರುವುದೋ ಉಳಿಸಿಕೊಳ್ಳುವುದೋ ಎಂಬ ತೀರ್ಮಾನ ಮಾತ್ರ ಹಿರಿಯರದೇ ಆಗಬೇಕು. ಅವರಿಗೆ ಓದಿ ಹೇಳದೆ ಯಾವ ಕಾಗದಕ್ಕೂ ಸಹಿ ಹಾಕಿಸಬೇಡಿ.

60 ದಿನ ಕಳೆದು, ಬ್ಯಾಂಕ್ ಸ್ವಾಧೀನದ ನೋಟಿಸ್ ಬಾಗಿಲಿಗೆ ಅಂಟಿಸಿದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, ಅರ್ಜಿ ಹಾಕಬೇಕು. ಕರ್ನಾಟಕದವರಿಗೆ ಅದು ಬೆಂಗಳೂರಿನಲ್ಲಿದೆ. ಸಿವಿಲ್ ಕೋರ್ಟಿಗೆ ಹೋದರೆ ಸಾಮಾನ್ಯವಾಗಿ ಸಮಯವಷ್ಟೇ ವ್ಯರ್ಥ. ಹರಾಜಿನ ಪ್ರಕಟಣೆ ಹೊರಬೀಳುವ ಮುನ್ನ ಪೂರ್ತಿ ಬಾಕಿ, ಖರ್ಚು ಸಹಿತ ಕಟ್ಟಿದರೆ ಮನೆ ಬಿಡಿಸಿಕೊಳ್ಳಬಹುದು. 2016ರ ತಿದ್ದುಪಡಿಯ ನಂತರ ಆ ಹಕ್ಕು ಪ್ರಕಟಣೆಯೊಂದಿಗೇ ಮುಗಿಯುತ್ತದೆ.

ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ಬೆದರಿಸುವಂತಿಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರಬಹುದು.

ವಕೀಲರ ಶುಲ್ಕಕ್ಕೆ ಹಣವಿಲ್ಲವೆಂದು ಹಿಂಜರಿಯಬೇಡಿ. ತಾಯಿಯ ಹೆಸರಿನಲ್ಲಿ ಪ್ರಕರಣವಿದ್ದರೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಮಹಿಳೆಯರಿಗೆ ಆದಾಯ ಮಿತಿಯಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಹಿರಿಯರ ಸಹಾಯವಾಣಿ 14567. ನೋಟಿಸಿನ ಪ್ರತಿ ಜೊತೆಗಿರಲಿ.