ಕೂಲೆಂಟ್ ಬದಲಿಸಲು ಅವಸರವೇಕೆ?

ಷಿಕಾಗೋ ಬಳಿಯ ನೇಪರ್‌ವಿಲ್‌ನ ಓದುಗರೊಬ್ಬರ ಐದು ವರ್ಷದ ಪ್ರಿಯಸ್ 60,000 ಮೈಲಿ ಓಡಿದೆ. ಎಂಜಿನ್, ಇನ್ವರ್ಟರ್ ಎರಡರ ಕೂಲೆಂಟನ್ನೂ ಈಗಲೇ ಬದಲಿಸಬೇಕು ಎಂದರಂತೆ ಡೀಲರ್.

ಬೇಕಿಲ್ಲ. ಟೊಯೋಟಾ ಹೇಳುವ ಪ್ರಕಾರ ಎಂಜಿನ್ನಿನದು ಮೊದಲ ಸಲ 1,00,000 ಮೈಲಿಗೆ, ಇನ್ವರ್ಟರಿನದು 1,50,000ಕ್ಕೆ. ಆಮೇಲೆ ಪ್ರತಿ 50,000ಕ್ಕೆ. ಷಿಕಾಗೋ ಚಳಿಯ ನೆಪ ಒಡ್ಡಿದರೆ, ಕೂಲೆಂಟ್ ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆಂದು ಅಳೆದು ತೋರಿಸಿ ಎನ್ನಲಿ.

ಹಾಗಂತ ಕೂಲಿ ಜಾಸ್ತಿಯಾದಾಗೆಲ್ಲ ಡೀಲರನ್ನು ಬೈಯುವುದೂ ಸಲ್ಲ. ಅಮೆರಿಕದಲ್ಲಿ ಮಾರಾಟವಾದ 2004–09ರ ಪ್ರಿಯಸ್‌ನಲ್ಲಿ ಕೂಲೆಂಟನ್ನು ಥರ್ಮಾಸ್‌ನಂತೆ ಬಿಸಿಯಾಗಿಡುವ ತೊಟ್ಟಿಯಿದೆ. ಗೊತ್ತಿಲ್ಲದೆ ಬಿಚ್ಚಿದರೆ ಕೈ ಸುಡುತ್ತದೆ. ಗಾಳಿ ಹೊರಹಾಕುವುದಂತೂ ತಲೆನೋವು. ಅಲ್ಲಿ ಅನುಭವಕ್ಕೆ ದುಡ್ಡು ಕೊಡಲೇಬೇಕು.

ಇಲಿನಾಯ್ ಕಾನೂನಿನಂತೆ, ಗ್ರಾಹಕರ ಒಪ್ಪಿಗೆಯಿಲ್ಲದೆ ಬಿಲ್ಲು ಅಂದಾಜನ್ನು ಶೇ 10ಕ್ಕಿಂತ ಹೆಚ್ಚು ಮೀರುವಂತಿಲ್ಲ. ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಹೋಗದಂತೆ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಕಾಯುತ್ತದೆ. ರಸೀದಿ ಮಾತ್ರ ಜೋಪಾನವಾಗಿರಲಿ.