ನಡುವೆ ಒಂದು ತೋಟ, ಎರಡು ಮರ್ಯಾದೆ

ಕುದುರೆಮುಖ ಟೌನ್‌ಶಿಪ್ಪಿನಲ್ಲಿ ಮುದುಕರು ಇರಲಿಲ್ಲವೆಂದೇ ಹೇಳಬೇಕು. ನಿವೃತ್ತಿಯಾದರೆ ಕ್ವಾರ್ಟರ್ಸ್ ಬಿಡಬೇಕು. ಬಿಟ್ಟವರು ಕೇರಳಕ್ಕೋ ಆಂಧ್ರಕ್ಕೋ ಬಯಲುಸೀಮೆಗೋ, ತಂತಮ್ಮ ಊರು ಸೇರುತ್ತಿದ್ದರು. ಹಾಗಾಗಿ ಅಲ್ಲಿ ಬೆಳೆದ ನಾವು ನಾಮಕರಣ ನೋಡಿದೆವು, ಮದುವೆ ನೋಡಿದೆವು, ಸಾವನ್ನು ನೋಡಲಿಲ್ಲ. ಅಪರೂಪಕ್ಕೆ ಯಾರಾದರೂ ತೀರಿಕೊಂಡರೆ ಒಂದು ಫೋನು, ಒಂದು ಆಂಬುಲೆನ್ಸು. ಶವ ಊರಿಗೆ ಹೋಗುತ್ತಿತ್ತು. ಮಿಕ್ಕವರು ಮರುದಿನ ಶಿಫ್ಟಿಗೆ ಹೋಗುತ್ತಿದ್ದರು.

1976ರಲ್ಲಿ ಶುರುವಾದ ಗಣಿ ಕಂಪನಿಯ ಟೌನ್‌ಶಿಪ್ ಅದು. ಕಂಪನಿ ಕಾಡಿನ ನಡುವೆ ಊರನ್ನೇ ಕಟ್ಟಿ, ನಲ್ಲಿ ಸೋರಿದರೂ ಬಲ್ಬು ಹೋದರೂ ಕಚೇರಿಗೆ ಹೇಳುವುದನ್ನು ನಮಗೆ ಕಲಿಸಿತು. ಪಕ್ಕದ ಮನೆಯವರು ನೈಟ್ ಶಿಫ್ಟ್ ಮುಗಿಸಿ ಮಲಗಿರುತ್ತಾರೆ, ಬಾಗಿಲು ತಟ್ಟಬಾರದು. ಯಾರಿಗೂ ತೊಂದರೆ ಕೊಡದಿರುವುದೇ ಅಪ್ಪನ ಪಾಲಿಗೆ ದೊಡ್ಡ ಮರ್ಯಾದೆ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಕಂಪನಿಯಿಂದ ಬಂದ ದುಡ್ಡಿನಲ್ಲಿ ಅಪ್ಪ ಕಳಸದಾಚೆ, ಹೊರನಾಡಿನ ಕಡೆ ಚೂರು ಕಾಫಿ ತೋಟ ಕೊಂಡರು.

ಅಲ್ಲಿ ಬದುಕೇ ಬೇರೆ ರೀತಿಯದು. ಏಣಿ ಕೇಳಬೇಕು, ಕೊಡಬೇಕು. ಮುಯ್ಯಾಳಿಗೆ ಹೋಗಬೇಕು, ಕರೆಯಬೇಕು. ಒಬ್ಬರ ಋಣ ಇನ್ನೊಬ್ಬರ ಮೇಲೆ ಇದ್ದೇ ಇರಬೇಕು, ಅದು ತೀರಿದರೆ ಸಂಬಂಧವೂ ತೀರಿದಂತೆ. ಅಪ್ಪನಿಗೆ ಅದು ಹಿಡಿಸಲಿಲ್ಲ. ಕೆಳಗಿನ ಮನೆ ಗೌಡರು ಜೀಪಿನಲ್ಲಿ ಕಳಸಕ್ಕೆ ಕರೆದೊಯ್ದರೆ ಡೀಸೆಲ್ ದುಡ್ಡು ಕೊಡುತ್ತಿದ್ದರು. ಕಾಯಿಲೆ ಬಿದ್ದ ಮೇಲೂ ಅಷ್ಟೇ. ಗೌಡರು ಆಸ್ಪತ್ರೆಗೆ ಬಿಡುತ್ತೇನೆಂದರೆ, "ಪಾಪ, ನಿಮಗ್ಯಾಕೆ ತೊಂದರೆ" ಎಂದು ಬಾಡಿಗೆ ಕಾರು ತರಿಸಿದರು. ಅಹಂಕಾರವಲ್ಲ ಅದು. ಅಪ್ಪನಿಗೆ ಗೊತ್ತಿದ್ದ ಗೌರವ ಅದೊಂದೇ.

2013ರ ಜುಲೈ. ಭದ್ರೆ ಉಕ್ಕಿ ಕಳಸದ ದಾರಿಯ ಹೆಬ್ಬಾಳೆ ಸೇತುವೆ ಮುಳುಗಿತ್ತು. ಕರೆಂಟಿಲ್ಲ, ಲ್ಯಾಂಡ್‌ಲೈನ್ ಸತ್ತಿತ್ತು. ಅಪ್ಪ ರಾತ್ರಿ ತೀರಿಕೊಂಡಾಗ ಮನೆಯಲ್ಲಿ ಇದ್ದದ್ದು ಅಮ್ಮ ಮತ್ತು ನಾನು. ಮೊಬೈಲ್ ಹಿಡಿದು ತೋಟದ ಏರಿಗೆ ಹೋಗಿ ಮಂಗಳೂರಿನ ಚಿಕ್ಕಪ್ಪನಿಗೆ ಹೇಳಿದೆ. ಅವರೂ ಕಂಪನಿಯಲ್ಲಿದ್ದವರೇ. "ನಾನು ಗಾಡಿ ತರ್ತೀನಿ. ಬರೋ ತನಕ ಯಾರನ್ನೂ ಎಬ್ಬಿಸ್ಬೇಡಿ, ಯಾರ ಹಂಗೂ ಬೇಡ" ಎಂದರು. ಆ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಘಾಟಿಯಲ್ಲಿ ಮರ ಬಿದ್ದು ಅವರು ದಾರಿಯಲ್ಲೇ ಸಿಕ್ಕಿಕೊಂಡರು.

ಬೆಳಕು ಹರಿಯಿತು, ಮಳೆ ನಿಲ್ಲಲಿಲ್ಲ. ಅಪ್ಪನ ತಲೆದೆಸೆಯ ದೀಪ ಗಾಳಿಗೆ ಆರುತ್ತಿತ್ತು, ನಾನು ಮತ್ತೆ ಮತ್ತೆ ಹಚ್ಚುತ್ತಿದ್ದೆ. ಹೆಂಚಿನ ಸಂದಿಯಿಂದ ನೀರು ತೊಟ್ಟಿಕ್ಕಿ ಹೊದಿಕೆ ಒದ್ದೆಯಾಗುತ್ತಿತ್ತು, ಪಾತ್ರೆ ಇಟ್ಟೆ. ಆ ಪಾತ್ರೆಗೆ ಹನಿ ಬೀಳುವ ಸದ್ದು ನನಗೆ ಈಗಲೂ ತಡೆಯಲಾಗದು. ಮತ್ತೆ ಏರಿಗೆ ಹೋಗಿ ಪಂಚಾಯಿತಿಯ ಒಬ್ಬರಿಗೆ ಫೋನು ಮಾಡಿದೆ. "ಸ್ಮಶಾನ ಹೊಳೆಯಾಚೆ ಇರೋದು, ನೀರು ಇಳಿದ ಮೇಲೆ ನೋಡೋಣ" ಎಂದರು. ನೀರು ಇಳಿದ ಮೇಲೆ! ತೋಟದಲ್ಲೇ ಸುಡಬಹುದೇ ಎಂದರೆ, "ಮರ ಗಿರ ಕಡಿದು ಕೇಸು ಹಾಕಿಸ್ಕೋಬೇಡಿ" ಎಂದು ಇಟ್ಟುಬಿಟ್ಟರು. ಒಂದು ಸಾಂತ್ವನದ ಮಾತಿಲ್ಲ. ನಮ್ಮ ಸೌದೆಯೆಲ್ಲ ನೆನೆದಿತ್ತು; ಮಳೆಗಾಲಕ್ಕೆ ಒಣಸೌದೆ ಒಟ್ಟಿಡಬೇಕೆಂಬ ಬುದ್ಧಿ ಗ್ಯಾಸ್ ಸಿಲಿಂಡರಿನ ಮನೆಯಲ್ಲಿ ಬೆಳೆದವರಿಗೆ ಎಲ್ಲಿಂದ ಬರಬೇಕು?

ಹೊತ್ತು ಏರುತ್ತಿದ್ದಂತೆ ಅಮ್ಮ ಎದ್ದರು. ಹಳ್ಳಿಯಲ್ಲಿ ಹುಟ್ಟಿದವರು. ಕಂಬಳಿ ಕೊಪ್ಪೆ ಹಾಕಿಕೊಂಡು, "ನಿಮ್ಮ ಚಿಕ್ಕಪ್ಪ ಏನು ಬೇಕಾದ್ರೂ ಹೇಳ್ಲಿ" ಎಂದವರೇ ಇಳಿಜಾರಿನಲ್ಲಿ ಹೊರಟುಬಿಟ್ಟರು. ನಾನೊಬ್ಬಳೇ ಅಪ್ಪನ ಜೊತೆ ಕೂತೆ. ಗೌಡರ ಅಂಗಳದಲ್ಲಿ ನಿಂತು ಅಮ್ಮ ಹೇಳಿದ್ದು, "ನಮ್ಮನೆಯವರು ಹೋದ್ರು" ಎಂದಷ್ಟೇ ಅಂತೆ.

ಆಮೇಲೆ ನಡೆದದ್ದನ್ನು ನೋಡಿದವರೇ ನಂಬಬೇಕು. ಗೌಡರ ಮಗ ಮನೆಮನೆಗೆ ಓಡಿದ. ಲೈನಿನ ಆಳುಗಳು ಬಂದರು, ಮೇಲಿನ ಮನೆಯವರು ಬಂದರು, ಅಪ್ಪ ಬೇಲಿಯ ವಿಚಾರಕ್ಕೆ ಮಾತು ಬಿಟ್ಟಿದ್ದವರೂ ಬಂದರು. ಅವರವರ ಕೊಟ್ಟಿಗೆಯ ಒಣಸೌದೆ, ಕಾಫಿ ಬೊಡ್ಡೆ, ತೆಂಗಿನ ಕರಟ ತಲೆಹೊರೆಯಲ್ಲಿ ಬಂತು. ತೋಟದ ಅಂಚಿನಲ್ಲಿ ಕಂಬ ನೆಟ್ಟು ತಗಡು ಹೊದಿಸಿ ಚಿತೆ ಒಟ್ಟಿದರು. ಒಂದು ಮರವನ್ನೂ ಕಡಿಯಲಿಲ್ಲ. ಒಲೆ ಹಚ್ಚದ ನಮ್ಮ ಮನೆಗೆ ಗೌಡರ ಮನೆಯಿಂದ ಗಂಜಿ ಬಂತು.

ಸಂಜೆ ಗೌಡರು ಜಗಲಿಯಲ್ಲಿ ಕೂತು ಹೇಳಿದರು: "ರಾತ್ರೀನೇ ಒಂದು ಕೂಗು ಹಾಕ್ಬಾರ್ದಿತ್ತಾ ಮಾರಾಯ್ತಿ? ರಾತ್ರಿಯೆಲ್ಲ ನಿಮ್ಮನೇಲಿ ದೀಪ ಕಾಣ್ತಿತ್ತು. ಕರೀದೆ ಬಂದ್ರೆ ನಿಮ್ಮಪ್ಪಂಗೆ ಸರಿ ಬರಲ್ಲ ಅಂತ ನಾವೂ ಕೂತ್ವಿ." ಅವರೂ ಮಲಗಿರಲಿಲ್ಲ. ನಾವು ಅವರ ನಿದ್ದೆಗೆ ಮರ್ಯಾದೆ ಕೊಟ್ಟೆವು, ಅವರು ನಮ್ಮ ಬಾಗಿಲಿಗೆ. ಟೌನ್‌ಶಿಪ್ಪಿನಲ್ಲಿ ಸೌಜನ್ಯವೆನಿಸಿದ್ದು ಆ ತೋಟ ದಾಟುವಷ್ಟರಲ್ಲಿ 'ನೀವು ನಮಗೆ ಬೇಡ' ಎಂಬ ಮಾತಾಗಿ ಅವರನ್ನು ಮುಟ್ಟಿತ್ತು. ಮನುಷ್ಯ ಬೆಳೆದ ಊರು ಅವನ ಸಂಕೋಚವನ್ನೂ ರೂಪಿಸುತ್ತದೆ. ಅಪ್ಪ ಆ ಸಂಕೋಚವನ್ನು ಗಣಿಯಿಂದ ತೋಟದವರೆಗೂ ಹೊತ್ತು ತಂದಿದ್ದರು.

ಈಗ ಕಳಸ, ಮೂಡಿಗೆರೆ ಕಡೆ ಜಾಗ ಕೊಂಡು ಬರುವವರಿಗೆ ಇಷ್ಟು ಹೇಳುತ್ತೇನೆ. ಊರಿನ ಸಾವಿಗೆ ತಪ್ಪದೆ ಹೋಗಿ, ಪರಿಚಯ ಇಲ್ಲದಿದ್ದರೂ. ಜೀಪಿಗೆ ದುಡ್ಡು ಕೊಡಬೇಡಿ, ಕೊಯ್ಲಿಗೆ ಕೈ ಕೊಡಿ. ಸ್ಮಶಾನ ಹೊಳೆಯ ಯಾವ ದಡದಲ್ಲಿದೆ ಎಂದು ಬೇಸಿಗೆಯಲ್ಲೇ ಕೇಳಿಟ್ಟುಕೊಳ್ಳಿ. ಸುದ್ದಿಯನ್ನು ಫೋನಿನಲ್ಲಿ ಹೇಳಿ ಮುಗಿಸಬೇಡಿ, ಜನ ಕಳಿಸಿ. ಮನೆಯಲ್ಲೇ ಆದ ಸಾವನ್ನು 21 ದಿನದೊಳಗೆ ನೋಂದಾಯಿಸಿ. ಆಸ್ಪತ್ರೆಯ ಚೀಟಿ ಎಲ್ಲಿ ಎಂದು ನನ್ನನ್ನು ಅಲೆಸಿದರು, ಕೊನೆಗೆ ಗೌಡರೇ ಜೊತೆಗೆ ಬಂದು ಸಾಕ್ಷಿ ಹಾಕಿದರು.

ಚಿಕ್ಕಪ್ಪ ಮಾತ್ರ ಇನ್ನೂ ಒಪ್ಪಿಲ್ಲ. ಗೌಡರಿಗೆ ಸೌದೆಯ ದುಡ್ಡು ಕೊಟ್ಟು ಲೆಕ್ಕ ಚುಕ್ತಾ ಮಾಡಬೇಕು ಎನ್ನುತ್ತಾರೆ. ನಾನೂ ಅಮ್ಮನೂ ಕೊಟ್ಟಿಲ್ಲ, ಕೊಡುವುದೂ ಇಲ್ಲ.